ಅಂತರಾಗ್ನಿಯಿಂದ ಮಾದಪ್ಪನ ಪೂಜೆಗೆ: ಒಂದು ರಾಕ್ ತಂಡದ ಮರುಹುಟ್ಟು

ಅಂತರಾಗ್ನಿ ಎಂಬ ರಾಕ್ ತಂಡ ಬಾಳಿದ್ದು ಕೆಲವೇ ವರ್ಷ. 1990ರ ದಶಕದ ಕೊನೆಯಲ್ಲಿ ಮೈಸೂರಿನ ಇಬ್ಬರು ಸಂಗೀತಗಾರರ ಸುತ್ತ ಕಟ್ಟಿಕೊಂಡ ಈ ತಂಡ ಸಣ್ಣಪುಟ್ಟ ವೇದಿಕೆಗಳಲ್ಲಿ ಹಾಡಿತು, ಆಲ್ಬಂಗಾಗಿ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿತು, ಕೊನೆಗೆ ಚದುರಿಹೋಯಿತು. ಇಂಥ ತಂಡಗಳ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಅಂತರಾಗ್ನಿಯದು ಮುಗಿಯಲಿಲ್ಲ. 2008ರಲ್ಲಿ ಅದರ ಹೆಸರು ಒಂದು ಆಲ್ಬಂನ ಹೆಸರಾಗಿ ಮರಳಿ ಬಂತು. ಅದೇ ವರ್ಷ ಅದರ ಗಾಯಕ ಕನ್ನಡ ಸಿನಿಮಾವೊಂದಕ್ಕೆ ಕಟ್ಟಿದ ಹಾಡು ಚಾಮರಾಜನಗರ ಜಿಲ್ಲೆಯ ಮಲೆ ಮಾದಪ್ಪನನ್ನು, ಅಂದರೆ ಮಹದೇಶ್ವರನನ್ನು, ಗಿಟಾರು, ಡ್ರಮ್ಮುಗಳ ನಡುವೆ ಕೂರಿಸಿತು. ಸತ್ತ ತಂಡವೊಂದು ಹೇಗೆ ಎದ್ದು ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನ ಸ್ಟುಡಿಯೋಗಳನ್ನು ನೋಡಿದರೆ ಸಾಲದು. ಮೈಸೂರಿನ ದಕ್ಷಿಣಕ್ಕೆ ನಂಜನಗೂಡು ದಾಟಿ ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ, ಹನೂರುಗಳವರೆಗೆ ಹಬ್ಬಿರುವ ಹಾಡಿನ ಸೀಮೆಯನ್ನೂ ನೋಡಬೇಕು.

ಈ ಸೀಮೆ ಆಡಳಿತದ ಲೆಕ್ಕದಲ್ಲೂ ಬಹುಕಾಲ ಮೈಸೂರಿನದೇ ಆಗಿತ್ತು. ಅರಿಕುಠಾರ ಎಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ನೆನಪಿಗೆ ಚಾಮರಾಜನಗರ ಎಂದು ಹೆಸರಿಟ್ಟರು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಂತರಾಗ್ನಿ ಹುಟ್ಟಿದ ಹೊತ್ತಿಗೆ ಆ ಗಡಿಗೆ ಹೆಚ್ಚೆಂದರೆ ಒಂದೆರಡು ವರ್ಷ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರು. ಓದು, ಆಸ್ಪತ್ರೆ, ಸಂತೆ, ಸಿನಿಮಾ ಎಲ್ಲಕ್ಕೂ ಈ ಊರುಗಳವರು ಹೋಗುತ್ತಿದ್ದದ್ದು ಮೈಸೂರಿಗೆ. ಮೈಸೂರಿನವರು ಹರಕೆ ಹೊತ್ತು ಬರುತ್ತಿದ್ದದ್ದು ಮಾದಪ್ಪನ ಬೆಟ್ಟಕ್ಕೆ, ಚಿಕ್ಕಲ್ಲೂರಿಗೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ. ಹಾಡುಗಳೂ ಇದೇ ದಾರಿಯಲ್ಲಿ ಓಡಾಡಿದವು.

ಅಂತರಾಗ್ನಿಯ ಒಂದು ಕಂಬ ರಘು ದೀಕ್ಷಿತ್. ಹುಟ್ಟಿದ್ದು 1974ರಲ್ಲಿ ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿತವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು. ಗಿಟಾರ್ ಅವರ ಕೈಗೆ ಬಂದದ್ದು ಸಹಪಾಠಿಯೊಬ್ಬನ ಜೊತೆ ಕಟ್ಟಿದ ಪಂಥದಿಂದ. ಎರಡು ತಿಂಗಳಲ್ಲಿ ಗಿಟಾರ್ ನುಡಿಸಿ ತೋರಿಸುತ್ತೇನೆ ಎಂದು ಹೊರಟು, ಪಕ್ಕದ ಸೆಮಿನರಿಯಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರಿಂದ ಕಲಿತರು ಎಂಬುದನ್ನು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಇನ್ನೊಂದು ಕಂಬ ಪಿಟೀಲು ವಿದ್ವಾಂಸ ಎಚ್.ಎನ್. ಭಾಸ್ಕರ್. ಮೈಸೂರಿನ ಹಿರಿಯ ಪಿಟೀಲು ಗುರು ಎಚ್.ಕೆ. ನರಸಿಂಹಮೂರ್ತಿಯವರ ಮಗ, ಶುದ್ಧ ಕರ್ನಾಟಕ ಸಂಗೀತದ ಮನೆಯಲ್ಲಿ ಬೆಳೆದವರು. ಒಬ್ಬರಿಗೆ ಶಾಸ್ತ್ರದ ಪಾಠವಾದದ್ದು ಕಾಲಿಗೆ, ಕೊರಳಿಗಲ್ಲ. ಇನ್ನೊಬ್ಬರಿಗೆ ಪಿಟೀಲಿನ ಸಂಪ್ರದಾಯವೆಂಬುದು ಉಸಿರಾಟದಷ್ಟು ಸಹಜ. ಈ ಜೋಡಿಯೇ ತಂಡದ ಬಲ.

ಆಗಿನ ಕಾಲ ಇಂಥ ತಂಡಕ್ಕೆ ಅನುಕೂಲದ್ದೂ ಹೌದು, ಪ್ರತಿಕೂಲದ್ದೂ ಹೌದು. ಕೇಬಲ್ ಟೀವಿ ಬಂದು ಪಾಶ್ಚಾತ್ಯ ರಾಕ್ ಮನೆಮನೆಗೆ ತಲುಪಿತ್ತು. ದೆಹಲಿಯ ಇಂಡಿಯನ್ ಓಷನ್ ತಂಡ 1997ರಲ್ಲಿ ಒಂದು, 2000ದಲ್ಲಿ ಇನ್ನೊಂದು ಆಲ್ಬಂ ತಂದು, ಭಾರತೀಯ ರಾಕ್ ಇಂಗ್ಲಿಷಿನಲ್ಲೇ ಇರಬೇಕಿಲ್ಲ ಎಂದು ತೋರಿಸಿತ್ತು. ಬೆಂಗಳೂರಿನಲ್ಲಿ ರಾಕ್ ಕೇಳುವವರಿದ್ದರೂ ಅವರಿಗೆ ಬೇಕಾದದ್ದು ಬಹುಮಟ್ಟಿಗೆ ಇಂಗ್ಲಿಷ್ ಹಾಡು. ಕನ್ನಡ ಕೇಳುವವರಿಗೆ ಸಿನಿಮಾ ಹಾಡಿತ್ತು, ಭಾವಗೀತೆಯಿತ್ತು, ಜನಪದ ಗೀತೆಗಳ ಕ್ಯಾಸೆಟ್ಟಿತ್ತು. ಇವುಗಳ ನಡುವೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಡುವ, ಪಿಟೀಲು ಮುಂದಿಟ್ಟುಕೊಂಡ ತಂಡವನ್ನು ಯಾವ ಗೂಡಿಗೆ ಹಾಕಬೇಕೆಂದು ಕಂಪನಿಗಳಿಗೆ ತಿಳಿಯಲಿಲ್ಲ. ವರ್ಷಗಟ್ಟಲೆ ಅವು ಒಲ್ಲೆ ಎಂದವು.

ತಂಡ ನಿಲ್ಲದಿರಲು ಕಾರಣ ಪ್ರತಿಭೆಯ ಕೊರತೆಯಲ್ಲ. ರಾಕ್ ತಂಡ ಎಂಬುದೇ ಬೇಗ ಮುರಿಯುವಂತೆ ಕಟ್ಟಿದ ವ್ಯವಸ್ಥೆ. ನಾಲ್ಕೈದು ಜನ, ಒಬ್ಬೊಬ್ಬರಿಗೂ ಗೊತ್ತುಪಡಿಸಿದ ವಾದ್ಯ, ಎಲ್ಲರಿಗೂ ಸಮಪಾಲು. ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಬೇರೆ ಊರಿನಲ್ಲಿ ಕೆಲಸ, ಮತ್ತೊಬ್ಬರಿಗೆ ಕಚೇರಿಗಳ ಕರೆ ಬಂದರೆ ಅಭ್ಯಾಸ ನಿಲ್ಲುತ್ತದೆ, ಅಭ್ಯಾಸ ನಿಂತರೆ ತಂಡ ನಿಲ್ಲುತ್ತದೆ. ಡ್ರಮ್ ಸೆಟ್ಟಿಗೆ ಜಾಗ ಬೇಕು, ಆಂಪ್ಲಿಫೈಯರಿಗೆ ಹಣ ಬೇಕು, ಗದ್ದಲ ಸಹಿಸುವ ನೆರೆಹೊರೆ ಬೇಕು. ದುಡಿಮೆ ಮಾತ್ರ ಯಾವಾಗಲೋ ಒಮ್ಮೆ. ದೀಕ್ಷಿತರು ಬೆಲ್ಜಿಯಂನಲ್ಲಿ ಕೆಲಕಾಲ ಔಷಧ ಸಂಶೋಧನೆಯ ಕೆಲಸ ಮಾಡಿ ಮರಳಿದವರು. ಭಾಸ್ಕರ್ ಕರ್ನಾಟಕ ಸಂಗೀತದ ಸಭೆಗಳಲ್ಲಿ ಬೇಡಿಕೆಯ ಪಕ್ಕವಾದ್ಯಗಾರರಾಗಿ ಬೆಳೆಯುತ್ತಿದ್ದರು. ಹೊಸ ಶತಮಾನದ ಮೊದಲ ದಶಕದ ನಡುವೆ ಅಂತರಾಗ್ನಿ ಎಂಬ ತಂಡ ಇಲ್ಲವಾಯಿತು.

ಅದಾದ ಮೇಲೆ ದೀಕ್ಷಿತರು ಕಟ್ಟಿದ್ದು ಇನ್ನೊಂದು ತಂಡವನ್ನಲ್ಲ, ಬಾಗಿಲು ತೆರೆದಿಟ್ಟ ಒಂದು ಏರ್ಪಾಟನ್ನು. ಹಾಡುಗಳೂ ಅವರವೇ, ಹಾಡುವವರೂ ಅವರೇ. ನುಡಿಸಲು ಯಾರು ಬೇಕಾದರೂ ಬರಬಹುದು, ಹೋಗಬಹುದು. ಆದ್ದರಿಂದಲೇ ಅದಕ್ಕೆ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಹೆಸರು. ಮುಂಬೈಯಲ್ಲಿ ಹಾಡಿದಾಗ ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್–ಶೇಖರ್ ಕೇಳಿ ಮೆಚ್ಚಿದರು. ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಆಲ್ಬಂಗೆ ಇಟ್ಟ ಹೆಸರು ಅಂತರಾಗ್ನಿ. ಯಾವ ಹೆಸರಿಗೆ ಕಂಪನಿಗಳು ಬಾಗಿಲು ಹಾಕಿದ್ದವೋ ಆ ಹೆಸರೇ ಮುಖಪುಟದ ಮೇಲೆ ಬಂತು.

ಆ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ: ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ. ಉತ್ತರ ಕರ್ನಾಟಕದ ಶರೀಫರು ಹಳೆ ಮೈಸೂರಿನ ಮನೆಗಳಿಗೆ ಬಂದದ್ದು ಸಿ. ಅಶ್ವಥ್ ಅವರ ಕೊರಳಿನಿಂದ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ. ಅಶ್ವಥ್ ಕೊರಳನ್ನೇ ವಾದ್ಯ ಮಾಡಿಕೊಂಡು ಹಾಡಿದ್ದನ್ನು ದೀಕ್ಷಿತರು ಗಿಟಾರಿನ ಬಿರುಸಿನ ಲಯಕ್ಕೆ ಇಳಿಸಿದರು. ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ. 2010ರಲ್ಲಿ ಬ್ರಿಟನ್ನಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ತಂಡಕ್ಕೆ ಹೊರದೇಶಗಳ ಬಾಗಿಲು ತೆರೆಯಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿ ಬಂತು. 2013ರಲ್ಲಿ ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂತು, ಅದರಲ್ಲೂ ಶರೀಫರಿದ್ದರು.

ಕನ್ನಡ ನಾಡಿನ ಹಳ್ಳಿಗಳಿಗೆ ಈ ಗಾಯಕ ತಲುಪಿದ್ದು ಆಲ್ಬಂನಿಂದಲ್ಲ, ‘ಸೈಕೋ’ ಎಂಬ ಸಿನಿಮಾದಿಂದ. 2008ರಲ್ಲಿ ಬಂದ ಆ ಚಿತ್ರಕ್ಕೆ ಸಂಗೀತ ಕೊಟ್ಟವರು ರಘು ದೀಕ್ಷಿತ್. ಅದರಲ್ಲಿ ಮಹದೇಶ್ವರನ ಪೂಜೆಗೆ ಬಂದೆ ಎನ್ನುವ ಹಾಡು ಚಿತ್ರಕ್ಕಿಂತ ಹೆಚ್ಚು ಕಾಲ ಉಳಿಯಿತು. ಮಾದಪ್ಪನ ಹಾಡುಗಳು ಅದಕ್ಕೆ ಮೊದಲೂ ಸಿನಿಮಾದಲ್ಲಿದ್ದವು, ಕ್ಯಾಸೆಟ್ಟಿನಲ್ಲಂತೂ ಧಾರಾಳವಾಗಿದ್ದವು. ರಾಕ್ ತಂಡದ ಧಾಟಿಯಲ್ಲಿ, ಬ್ಯಾಂಡಿನ ಗಾಯಕನ ಕೊರಳಲ್ಲಿ ಮಾದಪ್ಪನ ಹೆಸರು ಇಷ್ಟು ದೂರ ಕೇಳಿಸಿದ್ದು ಹೊಸದು. ಅಂತರಾಗ್ನಿಯ ಮರುಹುಟ್ಟಿನಲ್ಲಿ ಚಾಮರಾಜನಗರದ ಪಾಲು ಇಲ್ಲಿ ಕಾಣುತ್ತದೆ.

ಆ ಪಾಲು ಎಷ್ಟು ದೊಡ್ಡದೆಂದು ತಿಳಿಯಲು ಮಾದಪ್ಪನ ಹಾಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಲೆ ಮಹದೇಶ್ವರ ಬೆಟ್ಟ ಇಂದಿನ ಹನೂರು ತಾಲ್ಲೂಕಿನಲ್ಲಿದೆ. ಎಪ್ಪತ್ತೇಳು ಮಲೆಯ ಒಡೆಯ ಎಂದು ಭಕ್ತರು ಕರೆಯುವ ಈ ಶರಣನ ಕಥೆ ಒಂದು ದೊಡ್ಡ ಮೌಖಿಕ ಮಹಾಕಾವ್ಯ. ಅದನ್ನು ಅಧ್ಯಾಯಗಳಾಗಿ ಅಲ್ಲ, ಸಾಲುಗಳಾಗಿ ಹಾಡುತ್ತಾರೆ: ಶ್ರವಣನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು. ಪೂರ್ತಿ ಹಾಡಲು ಒಂದು ರಾತ್ರಿ ಸಾಲದು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ ಎಂಬ ಸಂಗ್ರಹ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಸಂಪಾದಿಸಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂತು, ಮುಂದೆ ಇಂಗ್ಲಿಷಿಗೂ ಹೋಯಿತು.

ಇದನ್ನು ಹಾಡುವವರು ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಭಿಕ್ಷೆ ಎತ್ತುವುದು ಅವರ ವ್ರತದ ಭಾಗ. ಕೈಯಲ್ಲಿ ಕಂಸಾಳೆ. ಎಡ ಅಂಗೈಯಲ್ಲಿ ಹಿಡಿಯುವುದು ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಹಾಗೂ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕುಳಿತು ಕಥೆ ಹಾಡುವಾಗ ಅದು ಲಯ ಹಿಡಿಯುವ ವಾದ್ಯವಷ್ಟೆ. ಬೀಸು ಕಂಸಾಳೆಯಲ್ಲಿ ಅದೇ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಹಾಯ್ದು ಬಟ್ಟಲಿಗೆ ಸರಿಯಾದ ಮಾತ್ರೆಗೆ ಬಂದು ಬಡಿಯಬೇಕು. ಕೈ ಒಂದು ಗೇಣು ತಪ್ಪಿದರೆ ಲಯ ಕೆಡುತ್ತದೆ, ಪಕ್ಕದವನ ತಲೆಗೂ ಪೆಟ್ಟಾಗುತ್ತದೆ. ಡ್ರಮ್ಮಿನ ಹಿಂದೆ ಕೂತವನಿಗೆ ಬೇಕಾದ ಏಕಾಗ್ರತೆ ಇಲ್ಲಿ ಇಡೀ ಮೈಗೆ ಬೇಕು.

ಇದೇ ಸೀಮೆಯ ಇನ್ನೊಂದು ಹಾಡಿನ ಕುಲ ನೀಲಗಾರರದು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಅವರದು. ವಾದ್ಯ ತಂಬೂರಿ, ದಮ್ಮಡಿ, ಗಗ್ಗರ. ಮುಖ್ಯ ಗಾಯಕ ಕಥೆ ಹೇಳುತ್ತ ಹಾಡುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ದೇವರ ಲಾಂಛನಗಳಾದ ಕಂಡಾಯಗಳು ಬರುತ್ತವೆ, ಭಕ್ತರ ಹಣೆಗೆ ಧೂಳ್ತ ಎಂಬ ಕಪ್ಪು ವಿಭೂತಿ ಏರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ಕೊಳ್ಳೇಗಾಲ, ಮಳವಳ್ಳಿ ಸೀಮೆಗಳಲ್ಲೆಲ್ಲ ನೀಲಗಾರರ ಮೇಳಗಳಿವೆ. ಮೈಲಾರಲಿಂಗನ ಒಕ್ಕಲಾದ ಗೊರವರು ಕರಡಿ ಕೂದಲಿನ ಟೋಪಿ ತೊಟ್ಟು, ಡಮರು ಬಾರಿಸುತ್ತ ಕೊಳಲೂದಿ ಕುಣಿಯುವುದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕ ಕುಣಿತ ಇವೂ ಈ ಜಿಲ್ಲೆಯವೇ. ಇಷ್ಟು ದಟ್ಟವಾಗಿ ಹಾಡು ತುಂಬಿದ ಜಿಲ್ಲೆ ನಾಡಿನಲ್ಲಿ ಇನ್ನೊಂದಿಲ್ಲ ಎಂದರೂ ನಡೆದೀತು.

ಈ ಮೇಳಗಳ ರಚನೆಯಲ್ಲಿ ಅಂತರಾಗ್ನಿಯ ಕಥೆಯನ್ನು ಬಿಡಿಸುವ ಎಳೆ ಇದೆ. ಕಂಸಾಳೆ ಮೇಳದಲ್ಲಾಗಲಿ ತಂಬೂರಿ ಮೇಳದಲ್ಲಾಗಲಿ ಹಾಡು ಯಾರೊಬ್ಬರ ಸ್ವತ್ತೂ ಅಲ್ಲ. ಮುಖ್ಯ ಗಾಯಕನಿಗೆ ವಯಸ್ಸಾದರೆ ಹಿಮ್ಮೇಳದಲ್ಲಿ ಸೊಲ್ಲು ಹಿಡಿದು ಕಲಿತವನು ಮುಂದೆ ಬರುತ್ತಾನೆ. ದಮ್ಮಡಿಯವನು ಬಾರದಿದ್ದರೆ ಪಕ್ಕದೂರಿನವನು ಬರುತ್ತಾನೆ, ಕಥೆ ಅವನಿಗೂ ಗೊತ್ತು. ಕೇಳುವವರೂ ತಯಾರಿದ್ದಾರೆ: ಸಾವಿನ ಮನೆ, ಗೃಹಪ್ರವೇಶ, ಹರಕೆಯ ರಾತ್ರಿ, ಶಿವರಾತ್ರಿ, ಯುಗಾದಿ, ದೀಪಾವಳಿ. ಮೇಳಕ್ಕೆ ಅಭಿಮಾನಿಗಳನ್ನು ಹುಡುಕುವ ಕೆಲಸವಿಲ್ಲ, ಒಕ್ಕಲು ಇದೆ. ರಾಕ್ ತಂಡಕ್ಕೆ ಇದಾವುದೂ ಇಲ್ಲ. ಅದರ ಹಾಡು ಅದನ್ನು ಕಟ್ಟಿದವರದೇ, ಕಟ್ಟಿದವರು ಹೋದರೆ ಹಾಡೂ ಹೋಗುತ್ತದೆ.

ರಘು ದೀಕ್ಷಿತ್ ಪ್ರಾಜೆಕ್ಟ್ ಉಳಿದದ್ದು ರಾಕ್ ತಂಡದ ರಚನೆಯನ್ನು ಬಿಟ್ಟು ಮೇಳದ ರಚನೆಗೆ ಬಂದದ್ದರಿಂದ. ಮುಂದಾಳು ಒಬ್ಬ, ಹಾಡು ಗಟ್ಟಿ, ಸುತ್ತಲಿನ ಕೈಗಳು ಬದಲಾಗುತ್ತ ಹೋಗುತ್ತವೆ. ಬಾಸ್ ಗಿಟಾರಿನ ಗೌರವ್ ವಾಜ್ ಬಹುಕಾಲ ಜೊತೆಗಿದ್ದರು, ಪಿಟೀಲಿಗೆ, ಕೊಳಲಿಗೆ, ಡ್ರಮ್ಮಿಗೆ ಬೇರೆ ಬೇರೆಯವರು ಬಂದು ಹೋದರು. ಶರೀಫರ ಪದಗಳಂಥ ಎಲ್ಲರಿಗೂ ಸೇರಿದ ಹಾಡುಗಳು ನಡುವೆ ಇದ್ದುದರಿಂದ ಹೊಸಬರಿಗೂ ಕೇಳುಗರಿಗೂ ದಾರಿ ಸಿಕ್ಕಿತು. ದೀಕ್ಷಿತರು ಇದನ್ನು ಕಂಸಾಳೆಯವರಿಂದ ನೇರವಾಗಿ ಕಲಿತರೆಂದು ಹೇಳಲು ಬಾರದು. ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಮೇಳ ಎಂದರೆ ಏನು ಎಂಬುದು ಯಾರೂ ಹೇಳಿಕೊಡದೆ ತಿಳಿದಿರುತ್ತದೆ.

ಅದೇ ಮನೆಯ ಇನ್ನೊಂದು ತಂಡ ಸ್ವರಾತ್ಮ. ರಘು ಅವರ ತಮ್ಮ ವಾಸು ದೀಕ್ಷಿತ್ ಮೈಸೂರಿನಲ್ಲಿ 2002ರ ಹೊತ್ತಿಗೆ ಶುರುಮಾಡಿದ ಈ ತಂಡವೂ ಮೊದಲ ಕೆಲವು ವರ್ಷ ನೆಲೆ ನಿಲ್ಲದೆ ತೊಳಲಿತು. 2006ರಲ್ಲಿ ಹೊಸಬರನ್ನು ಸೇರಿಸಿಕೊಂಡು ಮತ್ತೆ ಕಟ್ಟಿಕೊಂಡಿತು, ಅದೇ ವರ್ಷ ಎಫ್‌ಎಂ ಬಾನುಲಿ ಕೇಂದ್ರವೊಂದು ನಡೆಸಿದ ತಂಡಗಳ ಸ್ಪರ್ಧೆ ಗೆದ್ದು ದೇಶಕ್ಕೆ ಪರಿಚಯವಾಯಿತು. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’. ವೇದಿಕೆಯ ಮೇಲೆ ವಾಸು ಕೀಲುಕುದುರೆಯ ವೇಷ ತೊಟ್ಟು ಹಾಡುತ್ತಿದ್ದದ್ದು ಈ ಸೀಮೆಯ ಜಾತ್ರೆ ನೋಡಿದವರಿಗೆ ಪರಿಚಿತವಾದ ಕುಣಿತವೇ. ರಾಕ್ ಕೇಳಲು ಬಂದ ದೆಹಲಿ, ಮುಂಬೈಯವರಿಗೆ ಅದು ಹೊಸ ಲೋಕ.

ಕನ್ನಡದ ಆಚೆಗೂ ಇದೇ ಪಾಠ ಕಾಣುತ್ತದೆ. ಕೋಲ್ಕತ್ತದ ಮೊಹಿನೇರ್ ಘೋಡಾಗುಲಿ ಭಾರತೀಯ ಭಾಷೆಯಲ್ಲಿ ರಾಕ್ ಹಾಡಿದ ಮೊದಲ ತಂಡಗಳಲ್ಲೊಂದು. 1970ರ ದಶಕದ ನಡುವೆ ಹುಟ್ಟಿ, ಮೂರು ಸಣ್ಣ ಧ್ವನಿಮುದ್ರಿಕೆ ತಂದು, 1981ರ ಹೊತ್ತಿಗೆ ಮುಗಿದುಹೋಯಿತು. ಬಾವುಲರ ಹಾಡನ್ನೂ ಪಾಶ್ಚಾತ್ಯ ವಾದ್ಯಗಳನ್ನೂ ಬೆರೆಸಿದ ಅದನ್ನು ಆಗ ಕೇಳಿದವರು ಕಡಿಮೆ. ತಂಡದ ಗೌತಮ್ ಚಟ್ಟೋಪಾಧ್ಯಾಯ 1995ರಲ್ಲಿ ಕಿರಿಯ ಹಾಡುಗಾರರನ್ನು ಸೇರಿಸಿ ಹೊಸ ಸಂಕಲನ ಹೊರತಂದಾಗ ಬಂಗಾಳದ ಒಂದು ಇಡೀ ತಲೆಮಾರು ಅದನ್ನು ತನ್ನದೆಂದು ಹಾಡಿತು. ಹಳಬರು ಮತ್ತೆ ಒಟ್ಟಾಗಿದ್ದರೆ ಅದು ನೆನಪಿನ ಹಬ್ಬವಾಗುತ್ತಿತ್ತು ಅಷ್ಟೆ. ಹೊಸಬರಿಗೆ ಹಾಡು ಬಿಟ್ಟುಕೊಟ್ಟದ್ದರಿಂದ ಅದು ಬದುಕಿತು. ಗುಂಡ್ಲುಪೇಟೆಯ ಗಡಿ ದಾಟಿದರೆ ಸಿಗುವ ಕೇರಳದಲ್ಲಿ ಅವಿಯಲ್ ತಂಡ ಮಲಯಾಳದ ನಾಟಿ ಪದಗಳನ್ನು ರಾಕ್ ಮಾಡಿ 2008ರಲ್ಲೇ ತನ್ನ ಆಲ್ಬಂ ತಂದಿತು. ಆ ತಂಡದಲ್ಲೂ ಮೊದಲ ಗಾಯಕ ಹೊರಟುಹೋಗಿದ್ದರು, ಹಾಡು ನಿಲ್ಲಲಿಲ್ಲ.

ಮಾದಪ್ಪನ ಹಾಡುಗಳ ಪಯಣ ಅಂತರಾಗ್ನಿಯ ಗಾಯಕನಿಂದ ಶುರುವಾದದ್ದಲ್ಲ, ಅವರಲ್ಲಿ ನಿಂತದ್ದೂ ಇಲ್ಲ. 1996ರಲ್ಲಿ ಬಂದ ನಾಗಾಭರಣರ ‘ಜನುಮದ ಜೋಡಿ’ಗೆ ವಿ. ಮನೋಹರ್ ಸಂಗೀತ. ಕೋಲುಮಂಡೆ ಜಂಗಮದೇವರ ಹಾಡನ್ನು ಅದರಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದರು, ಅದಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಭಿಕ್ಷೆಗೆ ಬಂದ ಜಂಗಮ, ಬಾಗಿಲಲ್ಲಿ ನಿಂತ ಸಂಕಮ್ಮ ಎಂಬ ಸನ್ನಿವೇಶ ಆ ಹಾಡಿನ ಮೂಲ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಗಂಡ ಕಾಡಿಗೆ ಹೊರಟಾಗ ಶೀಲದ ಭಾಷೆ ಕೊಡು ಎನ್ನುತ್ತಾನೆ, ಅವಳು ಕೊಡಲೊಲ್ಲಳು. ಅವನು ಕೊಟ್ಟ ಹಿಂಸೆಯಿಂದ ಅವಳನ್ನು ಬಿಡಿಸಿ, ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುವವನು ಮಾದಪ್ಪ. ಗಂಡನ ಅನುಮಾನಕ್ಕೆ ಮಣಿಯದ ಹೆಂಗಸನ್ನು ಶರಣೆ ಎಂದು ಹಾಡಿಕೊಂಡು ಬಂದಿರುವ ಕಾವ್ಯ ಇದು. ಕನ್ನಡದ ಮೌಖಿಕ ಸಾಹಿತ್ಯದಲ್ಲಿ ಸಂಕಮ್ಮನ ಸಾಲಿಗೆ ಸಾಟಿಯಾಗುವ ಭಾಗಗಳು ಬಹಳ ಇಲ್ಲ.

ಆದ್ದರಿಂದಲೇ 2020ರ ಆಗಸ್ಟಿನಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅದೇ ಕೋಲುಮಂಡೆ ಹಾಡನ್ನು ಹೊಸ ಲಯಕ್ಕೆ ಹಾಕಿ, ಕುಣಿತದ ವಿಡಿಯೊ ಮಾಡಿದಾಗ ಚಾಮರಾಜನಗರದ ಭಕ್ತರು ಸಿಟ್ಟಾದರು. ಅವರ ಆಕ್ಷೇಪ ಮುಖ್ಯವಾಗಿ ರ‍್ಯಾಪಿನ ಮೇಲಲ್ಲ. ಶರಣೆ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ಬಗೆ ಅವರಿಗೆ ಅವಮಾನವೆನಿಸಿತು. ಗಾಯಕ ಕ್ಷಮೆ ಕೇಳಿದರು, ವಿಡಿಯೊವನ್ನು ಹಿಂದೆಗೆಯಲಾಯಿತು. ಈ ಜಗಳವನ್ನು ಹಳೆಯದಕ್ಕೂ ಹೊಸದಕ್ಕೂ ಆದ ಜಗಳ ಎಂದು ಓದಿದರೆ ತಪ್ಪಾಗುತ್ತದೆ. ರಾಕ್ ಲಯದ ಮಹದೇಶ್ವರನ ಹಾಡನ್ನು ಕುಣಿದು ಸ್ವೀಕರಿಸಿದ್ದು ಇದೇ ಸೀಮೆ. ವಾದ್ಯ ಬದಲಾದರೆ ಒಕ್ಕಲಿನವರು ಸಹಿಸುತ್ತಾರೆ, ಕಥೆಯೊಳಗಿನ ಹೆಂಗಸಿನ ಮಾನ ಬದಲಾದರೆ ಸಹಿಸುವುದಿಲ್ಲ. ಹಾಡು ತೆಗೆದುಕೊಳ್ಳುವವರು ಸಾಲನ್ನೂ ಓದಿಕೊಂಡಿರಬೇಕು ಎಂಬ ಅವರ ನಿರೀಕ್ಷೆ ನ್ಯಾಯವಾದದ್ದೇ.

ಮರುವರ್ಷ ನಡೆದದ್ದು ಇದಕ್ಕೆ ವಿರುದ್ಧ. ಮಾದೇವನಿಗೆ ಹೂವುಗಳನ್ನು ಎಣಿಸಿ ಒಪ್ಪಿಸುವ ‘ಸೋಜುಗಾದ ಸೂಜುಮಲ್ಲಿಗೆ’ ಈ ಸೀಮೆಯ ಹಳೆಯ ಪದ. ಮೈಸೂರಿನ ಗಾಯಕಿ ಅನನ್ಯಾ ಭಟ್ ಅದನ್ನು ಶಿವರಾತ್ರಿಯ ವೇದಿಕೆಯೊಂದರಲ್ಲಿ ಹಾಡಿದ್ದು ದೇಶವಿಡೀ ಹರಡಿತ್ತು. 2021ರ ನವೆಂಬರಿನಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಿಥುನ್ ಮುಕುಂದನ್ ಅದನ್ನು ಬಳಸಿದರು, ಹಾಡಿದವರು ಚೈತ್ರಾ ಆಚಾರ್. ಕಥೆ ಮಂಗಳೂರಿನದು, ಹಾಡು ಮಾದಪ್ಪನ ಬೆಟ್ಟದ ಕಡೆಯದು. ಕರಾವಳಿಯ ರೌಡಿ ಕಥೆಗೆ ಅದು ಹೊಂದುತ್ತದೆಯೇ ಎಂದು ಯಾರೂ ಜಗಳ ತೆಗೆಯಲಿಲ್ಲ, ಹಾಡಿನ ಭಾವ ಹಾಗೆಯೇ ಉಳಿದಿತ್ತು.

ಹೀಗೆ ಪಯಣಿಸುವ ಹಾಡಿನ ದುಡಿಮೆ ಯಾರಿಗೆ ಸೇರುತ್ತದೆ ಎಂಬುದು ಇನ್ನೂ ಬಗೆಹರಿಯದ ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಗೆ ಕರ್ತೃ ಬೇಕು. ಕಂಸಾಳೆಯ ಪದಕ್ಕೆ ಕರ್ತೃವಿಲ್ಲ. ಆದ್ದರಿಂದ ಸಾಹಿತ್ಯದ ಜಾಗದಲ್ಲಿ ‘ಜಾನಪದ’ ಎಂದು ಬರೆದರೆ ಕಾನೂನಿನ ಮಟ್ಟಿಗೆ ಕೆಲಸ ಮುಗಿಯಿತು. ಹೊಸ ಧ್ವನಿಮುದ್ರಿಕೆಯ ಹಕ್ಕು ಅದನ್ನು ತಯಾರಿಸಿದ ಕಂಪನಿಗೆ, ವಾದ್ಯ ಸಂಯೋಜನೆಯ ಹೆಸರು ಸಂಗೀತಗಾರನಿಗೆ. 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೂ ಹಕ್ಕು ಬಂದಿದೆ, ಈಗ ಅದರ ಅವಧಿ 50 ವರ್ಷ. ಅದು ಒಬ್ಬ ನೀಲಗಾರ ತಾನೇ ಹಾಡಿದ್ದನ್ನು ಮುದ್ರಿಸಿಕೊಂಡಾಗ ಅವನಿಗೆ ರಕ್ಷಣೆ ಕೊಡುತ್ತದೆ. ಅವನಿಂದ ಕೇಳಿ ಕಲಿತು ಬೇರೆಯವರು ಹಾಡಿದರೆ ಕೊಡುವುದಿಲ್ಲ. ಕನಿಷ್ಠ ಯಾವ ಮೇಳದಿಂದ, ಯಾವ ಊರಿನಲ್ಲಿ ಕಲಿತದ್ದು ಎಂಬುದನ್ನಾದರೂ ಆಲ್ಬಂನ ಮೇಲೆ ಬರೆಯುವ ಪದ್ಧತಿ ಬಂದರೆ, ಹಾಡಿನ ಜೊತೆ ಹಾಡುಗಾರನ ಹೆಸರೂ ನಗರ ತಲುಪುತ್ತದೆ. ಜಾನಪದ ವಿದ್ವಾಂಸರು ತಮ್ಮ ಸಂಪಾದನೆಗಳಲ್ಲಿ ಇದನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಹೆಬ್ಬಣಿ ಮಾದಯ್ಯನವರ ಹೆಸರು ಉಳಿದದ್ದು ಹಾಗೆಯೇ.

ಇಷ್ಟು ಹಾಡಿರುವ ಸೀಮೆಯಿಂದ ರಾಕ್ ತಂಡಗಳು ಏಕೆ ನಾಡಿಗೆ ಕೇಳಿಸುವಂತೆ ಹೊರಬಂದಿಲ್ಲ ಎಂಬ ಪ್ರಶ್ನೆಗೂ ಇದೇ ಹಿನ್ನೆಲೆಯಲ್ಲಿ ಉತ್ತರವಿದೆ. ಗುಂಡ್ಲುಪೇಟೆಯಂಥ ತಾಲ್ಲೂಕು ಕೇಂದ್ರದಲ್ಲಿ ಗಿಟಾರ್ ಅಥವಾ ಕೀಬೋರ್ಡ್ ನುಡಿಸುವವನಿಗೆ ಇರುವ ದಾರಿ ಆರ್ಕೆಸ್ಟ್ರಾ. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬಗಳಲ್ಲಿ ರಾಜ್‌ಕುಮಾರ್ ಕಾಲದಿಂದ ಇವತ್ತಿನವರೆಗಿನ ಸಿನಿಮಾ ಹಾಡು ನುಡಿಸಬೇಕು, ಕೇಳಿದ್ದನ್ನು ಹಾಗೆಯೇ. ರಾಜ್‌ಕುಮಾರ್ ಹುಟ್ಟಿದ ದೊಡ್ಡಗಾಜನೂರು ಚಾಮರಾಜನಗರದ ಪಕ್ಕದಲ್ಲೇ, ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿರುವುದರಿಂದ ಅವರ ಹಾಡಿಗೆ ಇಲ್ಲಿ ವಿಶೇಷ ಬೇಡಿಕೆಯೂ ಇದೆ. ಸ್ವಂತ ಹಾಡು ಕೇಳಲು ಟಿಕೆಟ್ ಕೊಂಡು ಬರುವ ಸಭಾಂಗಣ, ಅಭ್ಯಾಸದ ಕೊಠಡಿ, ಧ್ವನಿಮುದ್ರಣದ ಸ್ಟುಡಿಯೋ ಎಲ್ಲ ಮೈಸೂರು, ಬೆಂಗಳೂರಿನಲ್ಲಿ. ಕೈ ತಯಾರಾದ ಹುಡುಗರು ಅಲ್ಲಿಗೇ ಹೋಗುತ್ತಾರೆ. ಹೋದವರು ಬೇರೆಯವರ ತಂಡದಲ್ಲಿ ವಾದ್ಯಗಾರರಾಗುತ್ತಾರೆ.

ಈ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಮೊಬೈಲಿನಲ್ಲಿ ಮುದ್ರಿಸಿ ಯೂಟ್ಯೂಬಿಗೆ ಹಾಕಲು ಸ್ಟುಡಿಯೋ ಬೇಕಿಲ್ಲ. ತಂಬೂರಿ ಮೇಳಗಳ ರಾತ್ರಿಯಿಡೀ ಹಾಡಿಕೆ, ಬೀಸು ಕಂಸಾಳೆಯ ಕುಣಿತ ಹಳ್ಳಿಯಿಂದಲೇ ನೇರ ಹೊರಬರುತ್ತಿವೆ. ಕಾಲೇಜುಗಳ ಯುವಜನೋತ್ಸವಗಳಲ್ಲಿ ಕಂಸಾಳೆ ತಂಡವಿಲ್ಲದ ಕಾರ್ಯಕ್ರಮ ಅಪರೂಪ. ದೀಕ್ಷೆ ಪಡೆಯದವರೂ, ಹುಡುಗಿಯರೂ ಬೀಸು ಕಂಸಾಳೆ ಕಲಿಯುತ್ತಿದ್ದಾರೆ. ಇದರಿಂದ ಕುಣಿತ ಬೆಳೆದಿದೆ, ಕಥೆಯ ಹಾಡಿಕೆ ಅಷ್ಟು ಬೆಳೆದಿಲ್ಲ. ಹತ್ತು ನಿಮಿಷದ ವೇದಿಕೆಗೆ ಕಸರತ್ತು ಸಾಕು, ಸಂಕಮ್ಮನ ಸಾಲು ಹಾಡಲು ರಾತ್ರಿ ಬೇಕು, ಕೂತು ಕೇಳುವವರು ಬೇಕು. ಕಥೆ ಬಲ್ಲ ಹಿರಿಯರು ಇರುವಾಗಲೇ ಅವರ ಪೂರ್ಣ ಹಾಡಿಕೆಯನ್ನು ಒಳ್ಳೆಯ ಗುಣಮಟ್ಟದಲ್ಲಿ ಮುದ್ರಿಸಿಡುವುದು ತುರ್ತಿನ ಕೆಲಸ. ಮುಂದಿನ ತಂಡಗಳಿಗೆ ಬೇಕಾಗುವ ಸಾಮಗ್ರಿಯೂ ಅದೇ.

ಅಂತರಾಗ್ನಿಯನ್ನು ಕಟ್ಟಿದ ಇಬ್ಬರೂ ಸಂಗೀತದಲ್ಲೇ ಉಳಿದರು. ಎಚ್.ಎನ್. ಭಾಸ್ಕರ್ ಕರ್ನಾಟಕ ಸಂಗೀತದ ಮುಂಚೂಣಿಯ ಪಿಟೀಲುಗಾರರಲ್ಲಿ ಒಬ್ಬರಾದರು. ರಘು ದೀಕ್ಷಿತ್ ತಮ್ಮ ತಂಡದ ಜೊತೆಗೆ ‘ಜಸ್ಟ್ ಮಾತ್ ಮಾತಲ್ಲಿ’, ‘ಲವ್ ಮಾಕ್‌ಟೇಲ್’ನಂಥ ಕನ್ನಡ ಚಿತ್ರಗಳಿಗೂ ಹಿಂದಿ, ಮಲಯಾಳ ಚಿತ್ರಗಳಿಗೂ ಸಂಗೀತ ಕೊಟ್ಟರು. ವಾಸು ದೀಕ್ಷಿತ್ ಸ್ವರಾತ್ಮದ ಜೊತೆಗೆ ತಮ್ಮದೇ ಹೆಸರಿನ ಇನ್ನೊಂದು ಬಳಗ ಕಟ್ಟಿಕೊಂಡು ಕನ್ನಡ ಪದಗಳನ್ನು ಹಾಡುತ್ತಿದ್ದಾರೆ. ಈ ಬಳಗವೂ ಸೇರಿಸಿಕೊಳ್ಳುತ್ತ, ಬಿಟ್ಟುಕೊಡುತ್ತ ನಡೆಯುವ ಕೂಟವೇ.